ನಿರಾಕರಣಪತ್ರದಲ್ಲಿ ಹೇತುವಿಚಾರ

೧

ವಾಕ್ಯದ ಗುಣದೋಷವಿಚಾರವು ಕಾವ್ಯಕ್ಕೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ವಿದ್ವಾಂಸರಲ್ಲಿಯೂ ಉಂಟು. ಆದರೆ ವಾಕ್ಯವಿಚಾರವೆಂಬ ಶಾಸ್ತ್ರವು ಕಾವ್ಯವನ್ನು ಕುರಿತು ಹುಟ್ಟಿದುದಲ್ಲ. ಮಾಡತಕ್ಕದ್ದಾವುದು, ಬಿಡತಕ್ಕದ್ದಾವುದು ಎಂಬುದನ್ನು ನಿರ್ಣಯಿಸುವುದಕ್ಕಾಗಿ ಮೀಮಾಂಸಕರು ವಾಕ್ಯವನ್ನು ಬಿಡಿಸಿ ನೋಡಿದರು. ಹೇಳಿದ ಕಾರಣವು ಹೇಳಿದ ನಿರ್ಣಯವನ್ನು ಹೊರಬಲ್ಲುದೆ ಎಂಬುದನ್ನು ತಿಳಿಯುವುದಕ್ಕಾಗಿ ನೈಯಾಯಿಕರು ಹೇತುವನ್ನು ಒರೆಗೆ ಹಚ್ಚಿದರು. ಆಲಂಕಾರಿಕರು ಈ ಎರಡು ಶಾಸ್ತ್ರಗಳ ಸಾಮಗ್ರಿಯನ್ನೂ ತಮ್ಮ ಪ್ರಯೋಜನಕ್ಕೆ ತಕ್ಕಂತೆ ಬಳಸಿಕೊಂಡರು. ಈಗಿನ ಕಾಲದಲ್ಲಿ ವಿಧಿನಿಷೇಧರೂಪವಾದ ವಾಕ್ಯಗಳನ್ನು ಅತ್ಯಧಿಕವಾಗಿ ರಚಿಸುವವರು ಸರ್ಕಾರಗಳ ಅಧಿಕಾರಿಗಳು. ಆದುದರಿಂದ ಅವರ ಬರಹವನ್ನು ಈ ಶಾಸ್ತ್ರಗಳ ಮುಂದಿಟ್ಟು ನೋಡುವುದು ಅಸ್ಥಾನದಲ್ಲಿ ಮಾಡಿದ ಕೆಲಸವೆನಿಸಲಾರದು.

ಅಂತಹ ಬರಹಗಳಲ್ಲಿ ಒಂದು, ಪರದೇಶದಲ್ಲಿ ವ್ಯಾಸಂಗಮಾಡಬಯಸಿದ ವಿದ್ಯಾರ್ಥಿಗೆ ಬರುವ ವೀಸಾ ನಿರಾಕರಣಪತ್ರ. ಅದು ಕೆಲವೇ ವಾಕ್ಯಗಳ ಪತ್ರ. ಆದರೆ ಹೊಲವನ್ನು ಒತ್ತೆಯಿಟ್ಟು ಹಣ ಕೂಡಿಸಿದ ತಂದೆಗೂ, ಒಂದು ವರುಷವನ್ನು ಅದಕ್ಕಾಗಿ ಮೀಸಲಿಟ್ಟ ಮಗನಿಗೂ ಮಗಳಿಗೂ ಅದಕ್ಕಿಂತ ಭಾರವಾದ ಗದ್ಯವು ಮತ್ತೊಂದಿಲ್ಲ. ಪ್ರಕೃತ ಕೆನಡಾ ದೇಶದ ಪತ್ರಗಳನ್ನೇ ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳುಂಟು. ಇತ್ತೀಚಿನ ವರುಷಗಳಲ್ಲಿ ಆ ದೇಶಕ್ಕೆ ಹೋದ ಪರದೇಶೀಯ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಹೆಚ್ಚು ಮಂದಿ. ಕನ್ನಡನಾಡಿನವರೂ ಅವರಲ್ಲಿ ಸೇರಿದ್ದಾರೆ. ಇದಕ್ಕಿಂತ ಮುಖ್ಯವಾದುದೇನೆಂದರೆ, ಅಲ್ಲಿಯ ಫೆಡರಲ್ ಕೋರ್ಟು ಈ ಪತ್ರಗಳನ್ನು ಪದಪದವಾಗಿ ಓದಿ ವ್ಯಾಖ್ಯಾನಮಾಡಿರುವ ತೀರ್ಪುಗಳು ಬಹಳವಾಗಿ ದೊರೆಯುತ್ತವೆ. ಮೂಲವೂ ಭಾಷ್ಯವೂ ಕೂಡಿಬಂದಿರುವ ಸಾಹಿತ್ಯವಿದು.

೨

ಮೊದಲು ವಿಷಯಸ್ವರೂಪ. ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣೆಯ ಕಾಯಿದೆಯು ೨೦೦೧ರಲ್ಲಿ ಅಂಗೀಕೃತವಾಗಿ ೨೦೦೨ರಲ್ಲಿ ಜಾರಿಗೆ ಬಂದಿತು. ಅದರ ನಿಯಮಾವಳಿಯ ೨೧೬ನೆಯ ನಿಯಮದಂತೆ, ವ್ಯಾಸಂಗದ ಪರವಾನಗಿಯನ್ನು ಬೇಡಿದವನು ತನಗೆ ಕೊಟ್ಟ ಅವಧಿ ಮುಗಿಯುವುದರೊಳಗಾಗಿ ದೇಶವನ್ನು ಬಿಟ್ಟು ಹೋಗುವನೆಂದು ಅಧಿಕಾರಿಗೆ ಮನದಟ್ಟಾಗಬೇಕು. ೨೨೦ನೆಯ ನಿಯಮವು ಹಣದ ಅನುಕೂಲವನ್ನು ಕುರಿತದ್ದು. ಒಬ್ಬಂಟಿ ವಿದ್ಯಾರ್ಥಿಯು ಬೋಧನಶುಲ್ಕವನ್ನೂ ಪ್ರಯಾಣದ ವೆಚ್ಚವನ್ನೂ ಬಿಟ್ಟು ಜೀವನವೆಚ್ಚಕ್ಕೆಂದು ತೋರಿಸಬೇಕಾಗಿದ್ದ ಮೊತ್ತವು ೧೦,೦೦೦ ಡಾಲರುಗಳಿದ್ದುದು ೨೦೨೪ರ ಜನವರಿ ೧ರಿಂದ ೨೦,೬೩೫ ಡಾಲರುಗಳಾಯಿತು. ಪ್ರಮಾಣಭಾರವು ಅರ್ಜಿದಾರನದು. ಪರದೇಶೀಯನಿಗೆ ಆ ದೇಶವನ್ನು ಪ್ರವೇಶಿಸುವ ಹಕ್ಕೆಂಬುದಿಲ್ಲ.

ನಿರಾಕೃತನಾದವನಿಗೆ ಮೇಲ್ಮನವಿಯ ಮಾರ್ಗವಿಲ್ಲ. ಇರುವುದು ನ್ಯಾಯಾಂಗ ಪುನರ್ವಿಮರ್ಶೆಯೊಂದೇ. ಇವೆರಡಕ್ಕೂ ಇರುವ ಭೇದವು ಗಮನಾರ್ಹವಾದುದು. ಮೇಲ್ಮನವಿಯಲ್ಲಿ ನಿರ್ಣಯವು ಸರಿಯೇ ತಪ್ಪೇ ಎಂಬುದು ಪ್ರಶ್ನೆ; ಪುನರ್ವಿಮರ್ಶೆಯಲ್ಲಿ ನಿರ್ಣಯವನ್ನು ತಲಪಿದ ಬಗೆಯು ಯುಕ್ತವೇ ಎಂಬುದು ಪ್ರಶ್ನೆ. ಈ ಯುಕ್ತತೆಯ ಲಕ್ಷಣವನ್ನು ಕೆನಡಾದ ಸುಪ್ರೀಂ ಕೋರ್ಟು ೨೦೧೯ರ ಡಿಸೆಂಬರ್ ೧೯ರಂದು ವಾವಿಲೋವ್ ಪ್ರಕರಣದಲ್ಲಿ ನಿರೂಪಿಸಿತು. ಆ ಪ್ರಕರಣವು ವಿದ್ಯಾರ್ಥಿಯದಲ್ಲ; ರಷ್ಯದ ಗೂಢಚಾರರಿಗೆ ಟೊರಾಂಟೊ ನಗರದಲ್ಲಿ ಹುಟ್ಟಿದ ಮಗನೊಬ್ಬನ ಪೌರತ್ವವನ್ನು ಕುರಿತದ್ದು. ಆದರೂ ಅದರಲ್ಲಿ ಹೇಳಿದ ಲಕ್ಷಣವು ವೀಸಾ ಅಧಿಕಾರಿಯ ಟಿಪ್ಪಣಿಯವರೆಗೂ ಅನ್ವಯಿಸತಕ್ಕದ್ದಾಯಿತು. ನಿರ್ಣಯಕ್ಕೆ ಸಮರ್ಥನೆಯಿರಬೇಕು, ಅದು ಪಾರದರ್ಶಕವಾಗಿರಬೇಕು, ಅರ್ಥವಾಗುವಂತಿರಬೇಕು. ಎಂತಾದರೂ ಸಮರ್ಥಿಸಬಹುದಾದ ನಿರ್ಣಯವಾದರೆ ಸಾಲದು, ಅಧಿಕಾರಿಯು ಕೊಟ್ಟ ಕಾರಣಗಳಿಂದಲೇ ಅದು ಸಮರ್ಥಿತವಾಗಿರಬೇಕು ಎಂಬುದು ಅದರ ಸಾರ. ಅದಕ್ಕೂ ಹಿಂದೆ, ೧೯೯೯ರ ಬೇಕರ್ ಪ್ರಕರಣದಲ್ಲಿ, ಕೆಲವು ಸಂದರ್ಭಗಳಲ್ಲಿ ಲಿಖಿತವಾಗಿ ಕಾರಣಗಳನ್ನು ಕೊಡುವುದು ಕರ್ತವ್ಯವೆಂದೂ, ಅಧಿಕಾರಿಗಳ ಟಿಪ್ಪಣಿಯನ್ನೇ ಕಾರಣವೆಂದು ಓದಿಕೊಳ್ಳಬಹುದೆಂದೂ ಅದೇ ನ್ಯಾಯಾಲಯವು ಹೇಳಿದ್ದಿತು. ಹೀಗೆ ಕಚೇರಿಯ ಟಿಪ್ಪಣಿಯೊಂದು ವ್ಯಾಖ್ಯೇಯಗ್ರಂಥವಾಯಿತು.

೩

ಇನ್ನು ಆ ಟಿಪ್ಪಣಿಗಳ ರಚನೆ. ನ್ಯಾಯಶಾಸ್ತ್ರದಲ್ಲಿ ಪರರಿಗೆ ಮನದಟ್ಟುಮಾಡಿಕೊಡುವ ಅನುಮಾನಕ್ಕೆ ಐದು ಅವಯವಗಳು: ಪ್ರತಿಜ್ಞೆ, ಹೇತು, ಉದಾಹರಣ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆಯಿರುವುದರಿಂದ ಎಂಬುದು ಹೇತು. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಅಡುಗೆಮನೆಯಲ್ಲಿರುವಂತೆ ಎಂಬುದು ಉದಾಹರಣ. ಈ ಬೆಟ್ಟದಲ್ಲಿಯೂ ಅಂತಹ ಹೊಗೆಯಿದೆ ಎಂಬುದು ಉಪನಯ. ಆದುದರಿಂದ ಬೆಂಕಿಯಿದೆ ಎಂಬುದು ನಿಗಮನ. ನಿರಾಕರಣಪತ್ರದಲ್ಲಿ ಸಾಮಾನ್ಯವಾಗಿ ಮೊದಲನೆಯ ಎರಡು ಅವಯವಗಳೂ ಕೊನೆಯದೂ ಕಾಣುತ್ತವೆ. ಈತನು ಹಿಂದಿರುಗುವನೆಂಬ ನಂಬಿಕೆ ಬಾರದು. ಕುಟುಂಬಸಂಬಂಧ, ಪ್ರಯಾಣದ ಉದ್ದೇಶ, ಆರ್ಥಿಕಸ್ಥಿತಿ ಇವುಗಳನ್ನು ನೋಡಿದುದರಿಂದ. ಆದಕಾರಣ ಅರ್ಜಿಯು ತಿರಸ್ಕೃತ. ನಡುವೆ ಇರಬೇಕಾದ ಉದಾಹರಣ ಉಪನಯಗಳು, ಎಂದರೆ ಹೇತುವಿಗೂ ಸಾಧ್ಯಕ್ಕೂ ಇರುವ ವ್ಯಾಪ್ತಿಯೂ ಆ ಹೇತು ಈ ವ್ಯಕ್ತಿಯಲ್ಲಿ ಹೇಗೆ ಇದೆಯೆಂಬುದೂ, ಕಾಣುವುದಿಲ್ಲ. ಫೆಡರಲ್ ಕೋರ್ಟು ರದ್ದುಮಾಡಿದ ನಿರಾಕರಣಗಳಲ್ಲಿ ಬಹುವಾಗಿ ಕಾಣುವ ದೋಷವು ಇದೇ ಆಗಿದೆ.

ಹೇತ್ವಾಭಾಸಗಳ ಕ್ರಮದಲ್ಲಿ ಕೆಲವನ್ನು ನೋಡಬಹುದು. ಅರ್ಜಿದಾರನು ಚಿಕ್ಕ ವಯಸ್ಸಿನವನು, ಅವಿವಾಹಿತನು, ಮಕ್ಕಳಿಲ್ಲದವನು. ಆದುದರಿಂದ ಹಿಂದಿರುಗಲಾರನು ಎಂಬುದು ಪದೇಪದೇ ಬರುವ ವಾಕ್ಯ. ಇದು ಸವ್ಯಭಿಚಾರ. ಬೆಂಕಿಯಿರುವುದರಿಂದ ಹೊಗೆಯಿದೆ ಎಂದು ವಾದಿಸಿದವನಿಗೆ ಕಾದ ಕಬ್ಬಿಣದ ಗುಂಡನ್ನು ತೋರಿಸುವಂತೆ, ಇಲ್ಲಿ ಓದು ಮುಗಿಸಿ ಹಿಂದಿರುಗಿದ ವಿದ್ಯಾರ್ಥಿಗಳನ್ನು ತೋರಿಸಬಹುದು. ಅವರೂ ಹೋಗುವಾಗ ಬಹುಮಟ್ಟಿಗೆ ಚಿಕ್ಕವರೇ, ಅವಿವಾಹಿತರೇ. ವ್ಯಾಸಂಗಕ್ಕೆ ಹೊರಡುವವರಲ್ಲಿ ಬಹುಮಂದಿ ಇಂತಹವರೇ ಎಂದು ನ್ಯಾಯಾಲಯವು ಹಲವು ತೀರ್ಪುಗಳಲ್ಲಿ ಹೇಳಿದೆ. ವಿದ್ಯಾರ್ಥಿತ್ವದೊಡನೆಯೇ ಬರುವ ಧರ್ಮವನ್ನು ವಿದ್ಯಾರ್ಥಿಯನ್ನು ನಿರಾಕರಿಸುವುದಕ್ಕೆ ಹೇತುವಾಗಿ ಮಾಡಿದರೆ, ನಿರಾಕೃತನಾಗುವವನು ಆ ಒಬ್ಬನಲ್ಲ, ವಿದ್ಯಾರ್ಥಿಜಾತಿಯೇ ನಿರಾಕೃತವಾಗುತ್ತದೆ.

ಹಿಂದೆ ಪರದೇಶಪ್ರಯಾಣ ಮಾಡಿಲ್ಲವೆಂಬ ಹೇತುವು ಅಪ್ರಯೋಜಕ. ಹೋಗಿ ಬಂದವನ ನಡತೆಯಿಂದ ಏನಾದರೂ ಊಹಿಸಬಹುದು. ಹೋಗದವನ ಹೋಗದಿರುವಿಕೆಯಿಂದ ಹಿಂದಿರುಗುವಿಕೆಯಾಗಲಿ ಹಿಂದಿರುಗದಿರುವಿಕೆಯಾಗಲಿ ಸಿದ್ಧಿಸದು. ಇದು ಹೆಚ್ಚೆಂದರೆ ತಟಸ್ಥವಾದ ಸಂಗತಿಯೆಂದು ನ್ಯಾಯಾಲಯವೂ ಹೇಳಿದೆ. ಸ್ವದೇಶದಲ್ಲಿ ಒಳ್ಳೆಯ ಉದ್ಯೋಗವಿರುವಾಗ ಮತ್ತೆ ಓದುವುದೇಕೆ, ಆದುದರಿಂದ ಉದ್ದೇಶವು ಓದಲ್ಲ ಎಂಬ ವಾದವು ವಿರುದ್ಧವೆಂಬ ದೋಷಕ್ಕೆ ಸಮೀಪವಾದುದು; ಸ್ವದೇಶದ ಒಳ್ಳೆಯ ಉದ್ಯೋಗವು ಹಿಂದಿರುಗುವುದಕ್ಕೆ ಕಾರಣವೇ ಹೊರತು ಹಿಂದಿರುಗದಿರುವುದಕ್ಕಲ್ಲ. ಬ್ಯಾಂಕಿನ ಲೆಕ್ಕಪತ್ರವು ಕಡತದಲ್ಲಿದ್ದರೂ ಅದು ಇಲ್ಲವೆಂದು ಬರೆದರೆ ಅದು ಸ್ವರೂಪಾಸಿದ್ಧ. ಪಕ್ಷದಲ್ಲಿಯೇ ಇಲ್ಲದ ಹೇತುವದು. ವೃದ್ಧರಾದ ತಂದೆತಾಯಿಗಳು, ಹೆಸರಿನಲ್ಲಿರುವ ಜಮೀನು, ಕಾದಿರುವ ಕೆಲಸ ಇವನ್ನು ಅರ್ಜಿದಾರನು ತೋರಿಸಿರುವಾಗ, ಅವುಗಳಿಗೆ ಉತ್ತರವನ್ನೇ ಹೇಳದೆ ಎದುರಿನ ಹೇತುವನ್ನು ಮಾತ್ರ ಹೇಳಿ ಮುಗಿಸುವುದು ಸತ್ಪ್ರತಿಪಕ್ಷವನ್ನು ಕಾಣದಿರುವುದು.

ಮತ್ತೊಂದು ಸೂಕ್ಷ್ಮವುಂಟು. ಅಲ್ಲಿಯೇ ನೆಲಸಬೇಕೆಂಬ ಆಸೆಯಿದೆ, ಆದುದರಿಂದ ಅವಧಿ ಮುಗಿದರೂ ಹೊರಡಲಾರನು ಎಂಬುದು ಲೋಕದೃಷ್ಟಿಗೆ ದೃಢವಾದ ಹೇತುವೆಂದು ತೋರುತ್ತದೆ. ಆದರೆ ಕಾಯಿದೆಯ ೨೨ನೆಯ ವಿಧಿಯ ಎರಡನೆಯ ಉಪವಿಧಿಯು ಈ ವ್ಯಾಪ್ತಿಯನ್ನು ತಾನೇ ಮುರಿದಿದೆ. ಖಾಯಂ ನಿವಾಸಿಯಾಗಬೇಕೆಂಬ ಇಚ್ಛೆಯಿದ್ದರೂ, ಅವಧಿ ಮುಗಿದಾಗ ಹೊರಡುವನೆಂದು ಅಧಿಕಾರಿಗೆ ತೃಪ್ತಿಯಾದರೆ, ಆ ಇಚ್ಛೆಯು ತಾತ್ಕಾಲಿಕ ಪ್ರವೇಶಕ್ಕೆ ಬಾಧಕವಲ್ಲ. ಇಚ್ಛೆ ಬೇರೆ, ನಿಯಮವನ್ನು ಮೀರುವ ಸಂಕಲ್ಪ ಬೇರೆ. ಇವೆರಡನ್ನು ಒಂದಾಗಿ ಓದುವ ಟಿಪ್ಪಣಿಯು ಶಾಸನವನ್ನೇ ಓದದ ಟಿಪ್ಪಣಿ.

೪

ಇಲ್ಲಿ ಪೂರ್ವಪಕ್ಷವು ಬಲವಾಗಿಯೇ ಇದೆ. ಅದನ್ನು ಅಲ್ಪವಾಗಿ ಎಣಿಸಬಾರದು. ಮೊದಲನೆಯದಾಗಿ, ಪ್ರಮಾಣಭಾರವು ಅರ್ಜಿದಾರನದಾಗಿರುವಾಗ ಅಧಿಕಾರಿಯು ಯಾವುದನ್ನೂ ಸಾಧಿಸಬೇಕಾಗಿಲ್ಲ. ಈತನು ಹಿಂದಿರುಗಲಾರನೆಂಬುದು ಅವನ ಪ್ರತಿಜ್ಞೆಯಲ್ಲ. ಹಿಂದಿರುಗುವನೆಂಬುದು ಸಿದ್ಧವಾಗಲಿಲ್ಲ ಎಂಬಷ್ಟೇ ಅವನ ಮಾತು. ಸಾಧಿಸಬೇಕಾದುದೇ ಇಲ್ಲದವನ ಮೇಲೆ ಹೇತ್ವಾಭಾಸವನ್ನು ಹೊರಿಸುವುದೆಂತು? ಎರಡನೆಯದಾಗಿ, ಅರ್ಜಿಗಳು ವರುಷಕ್ಕೆ ಲಕ್ಷಗಟ್ಟಲೆ ಬರುತ್ತವೆ. ಪ್ರತಿಯೊಂದಕ್ಕೂ ಪಂಚಾವಯವವಾಕ್ಯವನ್ನು ಬರೆಯಬೇಕೆಂದರೆ ಕಚೇರಿಯು ನಡೆಯದು. ನ್ಯಾಯಾಲಯವೂ ಇದನ್ನು ಒಪ್ಪಿದೆ. ಇಂತಹ ಅರ್ಜಿಗಳಲ್ಲಿ ಕಾರಣಗಳು ದೀರ್ಘವಾಗಿರಬೇಕಾಗಿಲ್ಲ, ಪರಿಪೂರ್ಣವಾಗಿರಬೇಕಾಗಿಯೂ ಇಲ್ಲ ಎಂಬುದು ತೀರ್ಪುಗಳಲ್ಲಿ ಸುಪ್ರಸಿದ್ಧವಾದ ಮಾತು. ಮೂರನೆಯದಾಗಿ, ವಿದ್ಯಾರ್ಥಿಗಳೆಂದು ಬಂದು ಓದದೆ ದುಡಿಮೆಗೆ ಇಳಿಯುವವರೂ ಉಂಟು. ಯಾರನ್ನು ಒಳಗೆ ಬಿಡಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವು ಪ್ರತಿಯೊಂದು ದೇಶಕ್ಕೂ ಸಹಜವಾದುದು. ೨೦೨೪ರ ಜನವರಿ ೨೨ರಂದು ಕೆನಡಾ ಸರ್ಕಾರವು ಆ ವರುಷದ ಹೊಸ ಪರವಾನಗಿಗಳನ್ನು ಸುಮಾರು ೩,೬೦,೦೦೦ಕ್ಕೆ ಮಿತಿಗೊಳಿಸುವೆನೆಂದು ಪ್ರಕಟಿಸಿದುದು, ೨೦೨೩ಕ್ಕಿಂತ ನೂರಕ್ಕೆ ೩೫ರಷ್ಟು ಕಡಮೆಯಾಗುವಂತೆ, ಈ ಅಧಿಕಾರದಿಂದಲೇ. ಅದನ್ನು ಪ್ರಶ್ನಿಸುವುದು ವ್ಯಾಕರಣದ ಕೆಲಸವಲ್ಲ.

೫

ಇದಕ್ಕೆ ಸಮಾಧಾನ. ಮೂರನೆಯ ಮಾತು ನಿಜವೇ. ಆದರೆ ಅದು ಪ್ರಕೃತಕ್ಕೆ ಸಂಬಂಧಿಸಿದುದಲ್ಲ. ಎಷ್ಟು ಮಂದಿಯನ್ನು ಬಿಡಬೇಕೆಂಬುದು ನೀತಿಯ ಮಾತು. ಈ ಒಬ್ಬನನ್ನು ಏಕೆ ಬಿಡಲಿಲ್ಲವೆಂಬುದು ಕಾರಣದ ಮಾತು. ಮಿತಿಯ ನಿಮಿತ್ತವಾಗಿ ನಿರಾಕರಿಸಿದರೆ ಹಾಗೆಂದೇ ಹೇಳಬಹುದು. ನೀತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ವ್ಯಕ್ತಿಯ ಶೀಲವನ್ನು ಕಾರಣವಾಗಿ ಬರೆಯುವುದು ವಾಕ್ಯಕ್ಕೂ ವ್ಯಕ್ತಿಗೂ ಮಾಡಿದ ಅಪಚಾರ.

ಮೊದಲನೆಯ ಆಕ್ಷೇಪಕ್ಕೆ ಉತ್ತರವೇನೆಂದರೆ: ಸಿದ್ಧವಾಗಲಿಲ್ಲವೆಂಬುದೂ ಒಂದು ಪ್ರತಿಜ್ಞೆಯೇ. ಎದುರಾಳಿಯ ಸಾಧನವು ಎಲ್ಲಿ ಕುಂದಿತೆಂಬುದನ್ನು ತೋರಿಸದೆ ಕುಂದಿತೆಂದಷ್ಟೇ ಹೇಳುವವನು ವಾದದಲ್ಲಿ ಗೆದ್ದವನಲ್ಲ. ಸ್ವಪಕ್ಷಸ್ಥಾಪನೆಯಿಲ್ಲದ ವಿತಂಡೆಯಲ್ಲಿಯೂ ಪರಪಕ್ಷದ ದೋಷವನ್ನು ಎತ್ತಿ ತೋರಿಸುವ ಹೊಣೆಯು ತಪ್ಪುವುದಿಲ್ಲ. ತಂದೆಯ ಆದಾಯವನ್ನು ತೋರಿಸಿದ ಪತ್ರವು ಏಕೆ ಸಾಲದು? ಉದ್ಯೋಗದ ಪತ್ರವನ್ನು ಏಕೆ ನಂಬಲಿಲ್ಲ? ಈ ಎರಡು ಪ್ರಶ್ನೆಗಳಿಗೆ ಎರಡು ಸಾಲುಗಳ ಉತ್ತರವು ಸಾಕು.

ಎರಡನೆಯ ಆಕ್ಷೇಪಕ್ಕೆ ಸೂತ್ರಕಾರರ ಪದ್ಧತಿಯೇ ಉತ್ತರ. ಸೂತ್ರಕ್ಕೆ ಅಕ್ಷರಗಳು ಅಲ್ಪವಾಗಿರಬೇಕೆಂದು ಹೇಳಿದವರೇ ಅದು ಸಂದೇಹಕ್ಕೆ ಎಡೆಗೊಡಬಾರದೆಂದೂ ಹೇಳಿದರು. ಸಂಕ್ಷೇಪವು ಗುಣ, ಶೂನ್ಯವು ಸಂಕ್ಷೇಪವಲ್ಲ. ಕಚೇರಿಯ ಸಂಕ್ಷೇಪವು ಹೇಗೆ ಹುಟ್ಟುತ್ತದೆಂಬುದೂ ವಿಚಾರಾರ್ಹ. ವಲಸೆಯ ಇಲಾಖೆಯವರು ೨೦೧೮ರಿಂದ ಚಿನೂಕ್ ಎಂಬ ಉಪಕರಣವನ್ನು ಬಳಸುತ್ತ ಬಂದರು. ಅರ್ಜಿಗಳ ವಿವರಗಳನ್ನು ಲೆಕ್ಕದ ಹಾಳೆಯಂತೆ ಸಾಲುಸಾಲಾಗಿ ಕಣ್ಣಮುಂದಿಟ್ಟು, ನಿರಾಕರಣದ ಟಿಪ್ಪಣಿಗಳನ್ನು ಸಿದ್ಧವಾಕ್ಯಗಳಿಂದ ಕೂಡಿಸಿಕೊಳ್ಳುವುದಕ್ಕೆ ಅದು ನೆರವಾಗುತ್ತದೆ. ನಿರ್ಣಯವು ಅಧಿಕಾರಿಯದೇ, ಯಂತ್ರದ್ದಲ್ಲ ಎಂಬುದು ಇಲಾಖೆಯ ಮಾತು. ಉಪಕರಣವನ್ನು ಬಳಸಿದ ಮಾತ್ರಕ್ಕೆ ನಿರ್ಣಯವು ದೂಷ್ಯವಾಗದೆಂದು ಫೆಡರಲ್ ಕೋರ್ಟು ೨೦೨೩ರಲ್ಲಿ ಹೇಳಿತು. ಅದು ಸರಿಯಾದ ಮಾತೇ. ಕವಿಸಮಯಗಳನ್ನು ಬಳಸಿದ ಮಾತ್ರಕ್ಕೆ ಕಾವ್ಯವು ಕೆಡುವುದಿಲ್ಲ. ಆದರೆ ಯಾರ ಮುಖಕ್ಕಾದರೂ ಹೊಂದುವ ಚಂದ್ರೋಪಮೆಯು ಯಾರ ಮುಖವನ್ನೂ ಕಾಣಿಸುವುದಿಲ್ಲ. ಯಾವ ಅರ್ಜಿಗಾದರೂ ಅಂಟಿಸಬಹುದಾದ ವಾಕ್ಯವು ಈ ಅರ್ಜಿಯನ್ನು ಓದಿದುದಕ್ಕೆ ಪ್ರಮಾಣವಾಗದು.

ಇನ್ನು ಓದುವ ನ್ಯಾಯಾಧೀಶರ ಧರ್ಮ. ವಾಕ್ಯದಲ್ಲಿ ಆಕಾಂಕ್ಷೆಯು ಉಳಿದಾಗ ಬೇಕಾದ ಪದವನ್ನು ಹೊರಗಿನಿಂದ ತಂದುಕೊಳ್ಳುವುದಕ್ಕೆ ಅಧ್ಯಾಹಾರವೆಂದು ಹೆಸರು. ಎಷ್ಟರಮಟ್ಟಿಗೆ ಅಧ್ಯಾಹಾರಮಾಡಬಹುದೆಂಬುದು ವ್ಯಾಖ್ಯಾನಕಾರರ ಹಳೆಯ ತೊಡಕು. ವಾವಿಲೋವ್ ತೀರ್ಪಿನ ನಿಲುವು ಇಲ್ಲಿ ಮಧ್ಯಮಮಾರ್ಗದ್ದು. ಕಾರಣಗಳನ್ನು ಕಡತದೊಡನೆ, ಸಂದರ್ಭದೊಡನೆ ಕೂಡಿಸಿ ಓದಬೇಕು. ಆದರೆ ಅಧಿಕಾರಿಯು ಕೊಡದ ಕಾರಣವನ್ನು ನ್ಯಾಯಾಲಯವು ತಾನೇ ಕಲ್ಪಿಸಿಕೊಂಡು ನಿರ್ಣಯವನ್ನು ಉಳಿಸಬಾರದು. ಚುಕ್ಕಿಗಳಿದ್ದು ಗೆರೆಯ ದಿಕ್ಕೂ ತೋರುತ್ತಿದ್ದರೆ ನ್ಯಾಯಾಧೀಶನು ಅವನ್ನು ಕೂಡಿಸಿಕೊಳ್ಳಬಹುದೆಂಬ ದೃಷ್ಟಾಂತವು ಫೆಡರಲ್ ಕೋರ್ಟಿನ ೨೦೧೩ರ ತೀರ್ಪೊಂದರಲ್ಲಿ ಬಂದುದು. ಸುಪ್ರೀಂ ಕೋರ್ಟು ಅದನ್ನು ಅಂಗೀಕರಿಸಿದೆ. ಅಂಗಳದಲ್ಲಿ ರಂಗವಲ್ಲಿಯನ್ನು ಬಲ್ಲವರಿಗೆ ಈ ದೃಷ್ಟಾಂತವನ್ನು ವಿವರಿಸಬೇಕಾಗಿಲ್ಲ. ಇಟ್ಟ ಚುಕ್ಕಿಗಳನ್ನು ಸೇರಿಸುವುದು ಓದು; ಚುಕ್ಕಿಯನ್ನೂ ತಾನೇ ಇಟ್ಟು ಎಳೆದರೆ ಅದು ಓದುಗನ ರಂಗವಲ್ಲಿಯಾಗುತ್ತದೆ, ಬರೆದವನದಾಗುವುದಿಲ್ಲ. ಕಾವ್ಯವ್ಯಾಖ್ಯಾನದಲ್ಲಿ ಈ ಎಚ್ಚರವನ್ನು ಕಾಯ್ದುಕೊಂಡವರು ವಿರಳ. ಕವಿಯ ದೋಷವನ್ನು ಭಕ್ತಿಯಿಂದ ಮುಚ್ಚುವ ವ್ಯಾಖ್ಯಾನಕಾರನಿಗೆ ಹೆಚ್ಚೆಂದರೆ ಒಂದು ಪದ್ಯವು ನಷ್ಟ. ಅಧಿಕಾರಿಯ ದೋಷವನ್ನು ಮುಚ್ಚುವ ನ್ಯಾಯಾಧೀಶನಿಂದ ಒಬ್ಬನ ವಿದ್ಯೆಯೇ ನಷ್ಟವಾಗಬಹುದು.

ಪರೀಕ್ಷಿಸುವ ಓದುಗನಿಲ್ಲದಿದ್ದರೆ ವಾಕ್ಯದ ಗತಿಯೇನೆಂಬುದಕ್ಕೆ ನೆರೆಯ ಅಮೆರಿಕ ಸಂಯುಕ್ತಸಂಸ್ಥಾನವೇ ನಿದರ್ಶನ. ಅಲ್ಲಿ ೧೯೫೨ರ ಕಾಯಿದೆಯ ೨೧೪ನೆಯ ವಿಧಿಯಂತೆ ವಿದ್ಯಾರ್ಥಿಯು ನೆಲಸಲು ಬಂದವನೆಂದೇ ಮೊದಲು ಭಾವಿಸಬೇಕು. ರಾಯಭಾರದ ಕಚೇರಿಯಲ್ಲಿ ಮಾಡಿದ ನಿರಾಕರಣವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪರಿಶೀಲಿಸುವುದಿಲ್ಲವೆಂಬ ಸಿದ್ಧಾಂತವನ್ನು ಅಲ್ಲಿಯ ಸುಪ್ರೀಂ ಕೋರ್ಟು ೨೦೨೪ರಲ್ಲಿ ಮತ್ತೆ ದೃಢಪಡಿಸಿತು. ಆದುದರಿಂದ ಅಲ್ಲಿಯ ಪತ್ರದಲ್ಲಿ ವಿಧಿಯ ಸಂಖ್ಯೆಯೇ ಬಹುಮಟ್ಟಿಗೆ ಕಾರಣದ ಸ್ಥಾನದಲ್ಲಿ ನಿಲ್ಲುತ್ತದೆ. ಭಾರತದಲ್ಲಿ ಕಾರಣವನ್ನು ಹೇಳುವುದು ಸಹಜನ್ಯಾಯದ ಅಂಗವೆಂದು ೧೯೭೬ರಲ್ಲಿ ಸುಪ್ರೀಂ ಕೋರ್ಟು ಸೀಮೆನ್ಸ್ ಪ್ರಕರಣದಲ್ಲಿ ಹೇಳಿತು. ೧೯೭೮ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟಿನ ಪ್ರಕರಣದಲ್ಲಿ, ಪರದೇಶಪ್ರಯಾಣವನ್ನು ತಡೆಯುವ ಕ್ರಮವು ನ್ಯಾಯವಾಗಿಯೂ ಯುಕ್ತವಾಗಿಯೂ ಇರಬೇಕೆಂದು ನಿರ್ಣಯಿಸಿತು. ಹೊರಡುವ ಬಾಗಿಲಲ್ಲಿ ಇಲ್ಲಿಯ ನ್ಯಾಯಾಲಯವು ಕೇಳಿದ ಪ್ರಶ್ನೆಯನ್ನೇ ಒಳಹೊಗುವ ಬಾಗಿಲಲ್ಲಿ ಕೆನಡಾದ ನ್ಯಾಯಾಲಯವು ಕೇಳುತ್ತಿದೆ.

೬

ಇಷ್ಟು ಹೇಳಿದ ಮಾತ್ರಕ್ಕೆ ಈ ಪುನರ್ವಿಮರ್ಶೆಯು ನಿರ್ದೋಷವೆಂದಾಗಲಿಲ್ಲ. ಗೆದ್ದವನಿಗೆ ದೊರೆಯುವ ಫಲವು ವೀಸಾ ಅಲ್ಲ. ಹಳೆಯ ನಿರ್ಣಯವು ರದ್ದಾಗಿ ಅರ್ಜಿಯು ಬೇರೊಬ್ಬ ಅಧಿಕಾರಿಯ ಮುಂದೆ ಹೋಗುತ್ತದೆ. ಅವನು ಇನ್ನೂ ಚೆನ್ನಾಗಿ ಬರೆದು ಮತ್ತೆ ನಿರಾಕರಿಸಬಹುದು. ಇಲ್ಲಿಯೇ ಒಂದು ಅಪಾಯವಡಗಿದೆ. ತೀರ್ಪುಗಳನ್ನು ಓದಿ ಓದಿ ಕಚೇರಿಯು ಕಲಿಯಬಹುದಾದುದು ಚೆನ್ನಾಗಿ ವಿಚಾರಿಸುವುದನ್ನಲ್ಲ, ವಿಚಾರಿಸಿದಂತೆ ತೋರುವ ಹಾಗೆ ಬರೆಯುವುದನ್ನು. ಲಕ್ಷಣಗ್ರಂಥಗಳು ಬೆಳೆದಂತೆ ಲಕ್ಷಣವನ್ನು ಮಾತ್ರ ತುಂಬಿಕೊಂಡ ಕಾವ್ಯಗಳು ಹುಟ್ಟಿದುದನ್ನು ಸಾಹಿತ್ಯಚರಿತ್ರೆಯು ಬಲ್ಲುದು.

ಎರಡನೆಯದು ಕಾಲ. ಪರದೇಶದಿಂದ ಅರ್ಜಿಹಾಕಿದವನು ನಿರಾಕರಣವನ್ನು ತಿಳಿದ ೬೦ ದಿನಗಳೊಳಗಾಗಿ ನ್ಯಾಯಾಲಯದ ಅನುಮತಿಯನ್ನು ಬೇಡಬೇಕು. ಅನುಮತಿ ದೊರೆತ ಮೇಲೆಯೇ ವಿಚಾರಣೆ. ಇದೆಲ್ಲ ಮುಗಿಯುವುದಕ್ಕೆ ೧೪ರಿಂದ ೧೮ ತಿಂಗಳುಗಳು ಹಿಡಿಯುತ್ತಿದ್ದುವು. ವಿದ್ಯಾಲಯದ ಪ್ರವೇಶಪತ್ರವು ಅಷ್ಟು ಕಾಲ ಕಾಯುವುದಿಲ್ಲ. ಈ ತೊಂದರೆಯನ್ನು ಕಂಡೇ ಫೆಡರಲ್ ಕೋರ್ಟು ೨೦೨೪ರ ಅಕ್ಟೋಬರ್ ೧ರಿಂದ ವ್ಯಾಸಂಗದ ಪರವಾನಗಿಗಳಿಗೆಂದೇ ಒಂದು ಪ್ರಾಯೋಗಿಕ ಪದ್ಧತಿಯನ್ನು ತೊಡಗಿತು. ಸಂಗತಿಗಳಲ್ಲಿ ವಿವಾದವಿಲ್ಲದ ಸರಳವಾದ ಪ್ರಕರಣಗಳಲ್ಲಿ ಅನುಮತಿಯನ್ನೂ ಮುಖ್ಯನಿರ್ಣಯವನ್ನೂ ಒಟ್ಟಿಗೆ, ಮೌಖಿಕವಾದ ವಿಚಾರಣೆಯಿಲ್ಲದೆ, ಸುಮಾರು ೫ ತಿಂಗಳುಗಳಲ್ಲಿ ಮುಗಿಸಬೇಕೆಂಬುದು ಅದರ ಉದ್ದೇಶ. ಇದು ಶ್ಲಾಘ್ಯವಾದ ಕ್ರಮ. ೨೦೨೫ರಲ್ಲಿ ಇಲಾಖೆಯು ಕೆಲವು ನಿರಾಕರಣಪತ್ರಗಳೊಡನೆ ಅಧಿಕಾರಿಯ ಟಿಪ್ಪಣಿಯನ್ನೂ ತಾನಾಗಿಯೇ ಕಳುಹಿಸತೊಡಗಿದುದೂ ಹಾಗೆಯೇ. ಕಾರಣವನ್ನು ತಿಳಿಯುವುದಕ್ಕೆ ಮತ್ತೊಂದು ಅರ್ಜಿಯನ್ನು ಹಾಕಬೇಕಾಗಿದ್ದ ವಿಪರೀತವು ಅಷ್ಟರಮಟ್ಟಿಗೆ ತಪ್ಪಿತು.

ಮೂರನೆಯದು ನ್ಯಾಯಾಲಯಕ್ಕೆ ಸಂಬಂಧಿಸಿದುದು. ಅನುಮತಿಯನ್ನು ನಿರಾಕರಿಸುವಾಗ ಆ ನ್ಯಾಯಾಲಯವು ಸಾಮಾನ್ಯವಾಗಿ ಕಾರಣವನ್ನು ಹೇಳುವುದಿಲ್ಲ. ಆ ನಿರಾಕರಣದ ಮೇಲೆ ಮೇಲ್ಮನವಿಯೂ ಇಲ್ಲ. ಅಧಿಕಾರಿಯ ಎರಡು ಸಾಲುಗಳಲ್ಲಿ ವ್ಯಾಪ್ತಿಯನ್ನು ಹುಡುಕುವ ನ್ಯಾಯಪೀಠವು ತನ್ನ ಬಾಗಿಲಲ್ಲಿ ಒಂದು ಸಾಲನ್ನೂ ಬರೆಯದೆ ಅರ್ಜಿದಾರನನ್ನು ಕಳುಹಿಸಬಹುದು. ಕೆಲಸದ ಒತ್ತಡವೇ ಇದಕ್ಕೆ ಸಮರ್ಥನೆಯೆಂದರೆ, ಅಧಿಕಾರಿಯೂ ಅದನ್ನೇ ಹೇಳಿದ್ದನು. ಪರರಲ್ಲಿ ದೋಷವೆಂದು ಎಣಿಸಿದುದು ತನ್ನಲ್ಲಿ ಗುಣವಾಗುವುದು ಹೇಗೆಂಬುದಕ್ಕೆ ಆ ತೀರ್ಪುಗಳಲ್ಲಿ ತೃಪ್ತಿಕರವಾದ ಉತ್ತರವು ಕಾಣದು. ಅಲ್ಲದೆ, ವಾವಿಲೋವ್ ತೀರ್ಪಿನ ಲಕ್ಷಣವಾಕ್ಯಗಳು ಪ್ರತಿಯೊಂದು ತೀರ್ಪಿನ ಪೀಠಿಕೆಯಲ್ಲಿಯೂ ಒಂದೇ ಮಾತಿನಲ್ಲಿ ಪುನರುಕ್ತವಾಗುತ್ತಿರುವುದರಿಂದ, ಭಾಷ್ಯವೂ ಮೂಲದಂತೆಯೇ ಸಿದ್ಧವಾಕ್ಯಗಳ ಕಡೆಗೆ ವಾಲುತ್ತಿದೆ.

೭

ಇದರಿಂದ ಫಲಿತವಾದುದಿಷ್ಟು. ಕಾರಣವೆಂಬುದು ನಿರ್ಣಯಕ್ಕೆ ಹಿಂದಿನಿಂದ ತೊಡಿಸಿದ ಆಭರಣವಲ್ಲ. ನಿರ್ಣಯದ ಶರೀರವೇ ಅದು. ವಿದ್ಯಾರ್ಥಿಯು ಪ್ರವೇಶವನ್ನು ಹಕ್ಕೆಂದು ಕೇಳಲಾರನು, ನಿಜ; ಆದರೆ ತನ್ನ ಪತ್ರಗಳನ್ನು ಯಾರೋ ಓದಿದರೆಂಬುದಕ್ಕೆ ಗುರುತನ್ನು ಕೇಳಬಲ್ಲನು. ಆ ಗುರುತು ಇರಬೇಕಾದುದು ವಾಕ್ಯದಲ್ಲಿ, ಹೇತುವಿಗೂ ಸಾಧ್ಯಕ್ಕೂ ನಡುವೆ. ಕೆನಡಾದ ನ್ಯಾಯಾಲಯವು ಅದನ್ನು ಅಲ್ಲಿಯೇ ಹುಡುಕುತ್ತಿರುವುದು ಅದರ ಹಿರಿಮೆ. ಕಂಡುಕೊಂಡ ಮೇಲೆ ಕಾಲವನ್ನು ಹಿಂದಕ್ಕೆ ಕೊಡಲಾರದಿರುವುದು ಅದರ ಮಿತಿ. ತರ್ಕಸಂಗ್ರಹವನ್ನು ಬಾಲಪಾಠವೆಂದು ಬದಿಗಿಡುವ ಅಧ್ಯಾಪಕರು, ಹೇತ್ವಾಭಾಸಪ್ರಕರಣಕ್ಕೆ ಬೆಟ್ಟದ ಹೊಗೆಯೊಡನೆ ಇಂತಹ ಪತ್ರವೊಂದನ್ನೂ ಹೆಸರುಗಳನ್ನು ಅಳಿಸಿ ಉದಾಹರಿಸಿದರೆ, ಶಿಷ್ಯರಿಗೆ ಆ ಶಾಸ್ತ್ರವು ಏತಕ್ಕೆಂಬುದು ಬೇಗನೆ ತಿಳಿಯುವುದು. ಆ ಶಿಷ್ಯರಲ್ಲಿ ಕೆಲವರಿಗಾದರೂ ಮುಂದೆ ಅಂತಹ ಪತ್ರವು ಬಂದೀತು, ಕೆಲವರು ಅಂತಹ ಪತ್ರವನ್ನು ಬರೆಯುವ ಸ್ಥಾನದಲ್ಲಿಯೂ ಕುಳಿತಾರು.